ಕಾರಿನ ಬ್ಯಾಟರಿಗೆ ತಕ್ಕ ಚಾರ್ಜರು

2020ನೆಯ ಇಸವಿಯ ಮಾರ್ಚ್ 25ರಂದು ದೇಶದಾದ್ಯಂತ ಸಂಚಾರ ನಿಂತಾಗ ಮನೆಯ ಮುಂದಿನ ಕಾರುಗಳೂ ಇದ್ದಲ್ಲಿಯೇ ನಿಂತುವು. ವಾರಗಳು ಕಳೆದ ಬಳಿಕ ಬಾಗಿಲು ತೆರೆದು ಕೀಲಿಕೈ ತಿರುಗಿಸಿದ ಎಷ್ಟೋ ಮಂದಿಗೆ ‘ಟಿಕ್’ ಎಂಬ ಸಣ್ಣ ಸದ್ದೊಂದರ ಹೊರತು ಬೇರೆ ಉತ್ತರ ದೊರೆಯಲಿಲ್ಲ. ಬ್ಯಾಟರಿ ಇಳಿದು ಹೋಗಿತ್ತು. ಆ ಕಾಲ ಕಳೆದರೂ ಸಮಸ್ಯೆ ಕಳೆದಿಲ್ಲ. ಬೇಸಗೆಯ ರಜೆಗೆ ಊರಿಗೆ ಹೋಗಿ ಬಂದವರು, ಮಕ್ಕಳ ಮನೆಯಲ್ಲಿ ಒಂದೆರಡು ತಿಂಗಳು ಇದ್ದು ಬಂದ ಹಿರಿಯರು, ವಾರಕ್ಕೊಮ್ಮೆ ಮಾತ್ರ ಕಾರನ್ನು ಹೊರಗೆ ತೆಗೆಯುವವರು, ಇವರೆಲ್ಲರಿಗೂ ಇದು ಪರಿಚಿತವಾದ ಸಂಗತಿಯೇ. ನೆರೆಯವರನ್ನು ಕರೆದು ತಳ್ಳಿಸುವುದಕ್ಕಿಂತ ಮನೆಯಲ್ಲೊಂದು ಚಾರ್ಜರು ಇರುವುದು ಲೇಸೆಂದು (ತಾನಾಗಿ ಗೇರು ಬದಲಾಯಿಸುವ ಕಾರಾದರೆ ತಳ್ಳಿಯೂ ಫಲವಿಲ್ಲ) ಅಂಗಡಿಗೆ ಹೋದರೆ, ಅಂಗೈಯಷ್ಟು ಸಣ್ಣದರಿಂದ ಹಿಡಿದು ಎರಡು ಕೈಗಳಲ್ಲಿ ಎತ್ತಬೇಕಾದ ಕಬ್ಬಿಣದ ಪೆಟ್ಟಿಗೆಯವರೆಗೆ ನಾನಾ ಬಗೆಯವನ್ನು ಮುಂದಿಡುತ್ತಾರೆ. ಒಂದರ ಮೇಲೆ 2 ಆಂಪಿಯರು ಎಂದು ಬರೆದಿದೆ, ಮತ್ತೊಂದರ ಮೇಲೆ 20 ಎಂದಿದೆ. ಹೆಚ್ಚು ಆಂಪಿಯರಿನದು ಹೆಚ್ಚು ಒಳ್ಳೆಯದಿರಬೇಕೆಂದು ನಂಬಿ ಕೊಳ್ಳುವವರುಂಟು. ಈ ನಂಬಿಕೆ ಕೆಲವು ಸಾವಿರ ರೂಪಾಯಿಯ ಬ್ಯಾಟರಿಯ ಆಯುಸ್ಸನ್ನು ಕೆಲವೇ ರಾತ್ರಿಗಳಲ್ಲಿ ತಿಂದುಹಾಕಬಲ್ಲುದು. ಗಾಳಿಯಾಡದ ಸ್ಥಳದಲ್ಲಾದರೆ ಮನುಷ್ಯರಿಗೂ ಅಪಾಯ ತರಬಲ್ಲುದು. ಎಲ್ಲಿ ನಿಲ್ಲಿಸಬೇಕೆಂಬುದು ಚಾರ್ಜರಿಗೆ ಗೊತ್ತಿದೆಯೆ? ಮೊದಲು ವಿಚಾರಿಸಬೇಕಾದುದು ಇದನ್ನು. ರಭಸದ ಮಾತು ಆಮೇಲೆ. ಹೀಗೇಕೆಂದು ತಿಳಿಯಬೇಕಾದರೆ ಬ್ಯಾಟರಿಯ ಒಳಗೆ ಸ್ವಲ್ಪ ಇಣಿಕಿ ನೋಡಬೇಕು.

ಅದಕ್ಕೆ ಮುನ್ನ, ನಿಂತ ಕಾರಿನಿಂದ ವಿದ್ಯುತ್ತು ಎಲ್ಲಿಗೆ ಹೋಯಿತೆಂಬುದನ್ನು ಲೆಕ್ಕ ಹಾಕೋಣ. ಎಂಜಿನ್ನನ್ನು ಎಬ್ಬಿಸಲು ಸ್ಟಾರ್ಟರು 150 ಆಂಪಿಯರುಗಳನ್ನು ಎರಡು ಸೆಕೆಂಡುಗಳ ಕಾಲ ಸೆಳೆಯಿತೆಂದು ಇಟ್ಟುಕೊಳ್ಳಿ. ಇದು 300 ಆಂಪಿಯರ್-ಸೆಕೆಂಡು, ಎಂದರೆ ಒಂದು ಆಂಪಿಯರ್-ಗಂಟೆಯ ಹನ್ನೆರಡನೆಯ ಒಂದು ಭಾಗ ಮಾತ್ರ. ಇಷ್ಟು ಭರ್ಜರಿಯಾದ ಕೆಲಸಕ್ಕೆ ಇಷ್ಟು ಅಲ್ಪ ವೆಚ್ಚ! ಇತ್ತ, ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲಿ ಗಡಿಯಾರ, ಕಳ್ಳರನ್ನು ಎಚ್ಚರಿಸುವ ಗಂಟೆ, ಬೀಗದ ರೇಡಿಯೋ ಕಿವಿ, ಕಂಪ್ಯೂಟರಿನ ಸ್ಮರಣೆ ಇವು ನಿದ್ರಿಸದೆ ಎಚ್ಚರವಾಗಿಯೇ ಇರುತ್ತವೆ. ಇವೆಲ್ಲ ಸೇರಿ 50 ಮಿಲಿಆಂಪಿಯರು ಸೆಳೆದರೂ ಎರಡು ಗಂಟೆಯೊಳಗೆ ಒಂದು ‘ಸ್ಟಾರ್ಟಿ’ನಷ್ಟು ವಿದ್ಯುತ್ತು ಸೋರಿತು, ದಿನವೊಂದಕ್ಕೆ 1.2 ಆಂಪಿಯರ್-ಗಂಟೆ. ಸಣ್ಣ ಕಾರಿನಲ್ಲಿ 35 ಆಂಪಿಯರ್-ಗಂಟೆಯ ಬ್ಯಾಟರಿ ಇರುವುದು ವಾಡಿಕೆ. ಒಂದು ತಿಂಗಳಿಗೆ ಅದು ಬರಿದು. ಸ್ಟಾರ್ಟರು ಕೈಕೊಡಲು ಅಷ್ಟು ದಿನವೂ ಬೇಡ.

ಸೀಸ ಮತ್ತು ಗಂಧಕಾಮ್ಲಗಳ ಈ ಸಂಚಯಕೋಶವನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಮೋಟಾರು ಗಾಡಿಗೆ ಇದು ಅನಿವಾರ್ಯವಾದುದು 1912ರಲ್ಲಿ. ಆ ವರ್ಷದ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದು, ಕಬ್ಬಿಣದ ಹಿಡಿ ತಿರುಗಿಸಿ ತೋಳು ಮುರಿದುಕೊಳ್ಳುವ ಕಷ್ಟ ತಪ್ಪಿತು. ಇಷ್ಟು ವರ್ಷಗಳಲ್ಲಿ ಹೊರಗಿನ ಪೆಟ್ಟಿಗೆ ಬದಲಾಗಿದೆ. ಒಳಗಿನ ರಸಾಯನಕ್ರಿಯೆ ಬದಲಾಗಿಲ್ಲ. ಧನ ಫಲಕದಲ್ಲಿ ಸೀಸದ ಡೈಆಕ್ಸೈಡು, ಋಣ ಫಲಕದಲ್ಲಿ ಹೀರುಬಟ್ಟೆಯಂತೆ ರಂಧ್ರಮಯವಾದ ಸೀಸ, ನಡುವೆ ದುರ್ಬಲ ಗಂಧಕಾಮ್ಲ. ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗುತ್ತವೆ. ಆಮ್ಲವು ವ್ಯಯವಾಗಿ ನೀರು ಹುಟ್ಟುತ್ತದೆ. ಆದುದರಿಂದಲೇ, ಪೂರ್ತಿ ತುಂಬಿದಾಗ ಸುಮಾರು 1.28 ಇದ್ದ ದ್ರವದ ವಿಶಿಷ್ಟ ಗುರುತ್ವ ಬರಿದಾದಾಗ ಸುಮಾರು 1.12ಕ್ಕೆ ಇಳಿಯುತ್ತದೆ. ಗ್ಯಾರೇಜಿನವರು ಹೈಡ್ರೋಮೀಟರನ್ನು ಅದ್ದಿ ನೋಡುತ್ತಿದ್ದುದು ಇದನ್ನೇ. ಕೋಶವೊಂದು ಸುಮಾರು 2.1 ವೋಲ್ಟನ್ನು ಕೊಡುತ್ತದೆ. ಆರು ಕೋಶಗಳು ಸಾಲಾಗಿ ಸೇರಿ 12.6. ನಾವು ವಾಡಿಕೆಯಲ್ಲಿ 12 ವೋಲ್ಟಿನ ಬ್ಯಾಟರಿ ಎನ್ನುವುದು ಇದಕ್ಕೆ.

ಆಗ ತಾನೇ ಹುಟ್ಟಿದ ಸಲ್ಫೇಟು ನುಣ್ಣಗಿನ ಹರಳುಗಳಾಗಿರುತ್ತದೆ. ಪ್ರವಾಹವನ್ನು ಹಿಮ್ಮುಖವಾಗಿ ಹರಿಸಿದರೆ ಅದು ಮತ್ತೆ ಸೀಸವೂ ಡೈಆಕ್ಸೈಡೂ ಆಮ್ಲವೂ ಆಗುತ್ತದೆ. ಚಾರ್ಜು ಮಾಡುವುದೆಂದರೆ ಇಷ್ಟೇ. ಆದರೆ ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಳು ಬೆಳೆದು ಗಟ್ಟಿಯಾಗಿ, ಮುಂದೆ ಯಾವ ಪ್ರವಾಹಕ್ಕೂ ಸುಲಭವಾಗಿ ಕರಗವು. ಬೆಲ್ಲದ ಪುಡಿ ಮಳೆಗಾಲದಲ್ಲಿ ಉಂಡೆಕಟ್ಟಿ ಕಲ್ಲಾಗುವುದನ್ನು ಇದಕ್ಕೆ ಹೋಲಿಸಬಹುದು. ‘ಹೇಗೂ ಇಳಿದಿದೆ, ಬಿಡುವಾದಾಗ ಚಾರ್ಜು ಮಾಡಿಸಿದರಾಯಿತು’ ಎನ್ನುವ ಉದಾಸೀನದಿಂದ ಹಾಳಾಗುವ ಬ್ಯಾಟರಿಗಳು ಕಡಮೆಯೇನಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನೀರನ್ನು ವಿದ್ಯುತ್ತಿನಿಂದ ಜಲಜನಕ, ಆಮ್ಲಜನಕಗಳಾಗಿ ವಿಭಜಿಸುವ ಪ್ರಯೋಗವನ್ನು ವಾಚಕರಲ್ಲಿ ಹಲವರು ಮಾಡಿರಬಹುದು. ಸಿದ್ಧಾಂತದ ಲೆಕ್ಕದಂತೆ ಅದಕ್ಕೆ 1.23 ವೋಲ್ಟು ಸಾಕು. ನಮ್ಮ ಸೀಸದ ಕೋಶದಲ್ಲಿರುವುದು 2.1 ವೋಲ್ಟು! ಹಾಗಾದರೆ ಬ್ಯಾಟರಿ ತನ್ನೊಳಗಿನ ನೀರನ್ನು ತಾನೇ ಒಡೆದು ಬರಿದಾಗಬೇಕಲ್ಲವೆ? ಆಗುವುದಿಲ್ಲ, ಏಕೆಂದರೆ ಸೀಸದ ಮೇಲೆ ಜಲಜನಕದ ಗುಳ್ಳೆ ಹುಟ್ಟುವುದು ಬಹು ಕಷ್ಟ, ಧನ ಫಲಕದ ಮೇಲೆ ಆಮ್ಲಜನಕಕ್ಕೂ ಅದೇ ತೊಡಕು. ಲೆಕ್ಕದ ಪ್ರಕಾರ ಬೇಕಾದುದಕ್ಕಿಂತ ಬಹಳ ಹೆಚ್ಚಿನ ಒತ್ತಡ ಕೊಟ್ಟಲ್ಲದೆ ಈ ಕ್ರಿಯೆ ಚುರುಕಾಗದು. ಸೀಸದ ಬ್ಯಾಟರಿ ಬದುಕಿರುವುದೇ ನೀರಿನ ಈ ಸೋಮಾರಿತನದಿಂದ ಎಂದರೆ ತಪ್ಪಾಗಲಾರದು. ಫಲಕಗಳ ಜಾಲರಿ ಗಟ್ಟಿಯಾಗಲೆಂದು ಹಿಂದೆ ಸೀಸಕ್ಕೆ ಆಂಟಿಮನಿಯನ್ನು ಬೆರೆಸುತ್ತಿದ್ದರು. ಅದು ಋಣ ಫಲಕವನ್ನು ಸೇರಿ ಗುಳ್ಳೆ ಹುಟ್ಟುವುದನ್ನು ಸುಲಭಗೊಳಿಸುತ್ತಿದ್ದುದರಿಂದ ನೀರು ಬೇಗ ಕಡಮೆಯಾಗಿ, ಆಗಾಗ ಬಟ್ಟಿಯಿಳಿಸಿದ ನೀರನ್ನು ತುಂಬಬೇಕಾಗುತ್ತಿತ್ತು. ಆಂಟಿಮನಿಗೆ ಬದಲು ಕ್ಯಾಲ್ಸಿಯಮನ್ನು ಬೆರೆಸಿದ ಮೇಲೆ ಈ ಕಾಟ ಬಹುಮಟ್ಟಿಗೆ ತಪ್ಪಿತು. ಮುಚ್ಚಳವನ್ನೇ ತೆರೆಯದ ಇಂದಿನ ಬ್ಯಾಟರಿಗಳು ಸಾಧ್ಯವಾದುದು ಹೀಗೆ.

ಸೋಮಾರಿತನಕ್ಕೂ ಒಂದು ಮಿತಿಯುಂಟು. ಚಾರ್ಜು ಮಾಡುವಾಗ ಕೋಶವೊಂದಕ್ಕೆ ಸುಮಾರು 2.4 ವೋಲ್ಟು, ಎಂದರೆ ಆರು ಕೋಶಗಳಿಗೆ 14.4 ವೋಲ್ಟು, ದಾಟಿತೆಂದರೆ ನೀರು ಗಣನೀಯವಾಗಿ ಒಡೆಯತೊಡಗುತ್ತದೆ. ಸಲ್ಫೇಟೆಲ್ಲ ಮುಗಿದ ಮೇಲೂ ಪ್ರವಾಹವನ್ನು ನುಗ್ಗಿಸಿದರೆ ಅದಕ್ಕೆ ಮಾಡಲು ಬೇರೆ ಕೆಲಸವಿಲ್ಲವಾಗಿ ಎಲ್ಲವೂ ನೀರಿನ ಮೇಲೆಯೇ ಬೀಳುತ್ತದೆ. ಫ್ಯಾರಡೆಯ ನಿಯಮದಿಂದ ಇದರ ಲೆಕ್ಕ ಸುಲಭ: ವ್ಯರ್ಥವಾದ ಪ್ರತಿ ಆಂಪಿಯರ್-ಗಂಟೆಗೆ ಕೋಶವೊಂದರಲ್ಲಿ ಮೂರನೆಯ ಒಂದು ಗ್ರಾಂ ನೀರು ನಷ್ಟ, ಆರು ಕೋಶಗಳಲ್ಲಿ 2 ಗ್ರಾಂ. ಮಿತಿಯನ್ನರಿಯದ ಚಾರ್ಜರೊಂದು ತುಂಬಿದ ಬ್ಯಾಟರಿಗೆ ಹತ್ತು ಗಂಟೆಗಳ ಕಾಲ 2 ಆಂಪಿಯರನ್ನು ಹರಿಸುತ್ತಲೇ ಇದ್ದರೆ 40 ಗ್ರಾಂ ನೀರು ಹೋಯಿತು, ಸುಮಾರು 55 ಲೀಟರು ಜಲಜನಕ ಹುಟ್ಟಿತು. ನೀರು ತುಂಬಲು ಬಾರದ ಬ್ಯಾಟರಿಯಲ್ಲಿ ಈ ನಷ್ಟ ಶಾಶ್ವತ. ಜಲಜನಕದ ವಿಷಯ ಇನ್ನೂ ಗಂಭೀರ. ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕವಿದ್ದರೆ ಕಿಡಿಯೊಂದಕ್ಕೆ ಹೊತ್ತಿಕೊಳ್ಳಬಲ್ಲುದು. 55 ಲೀಟರಿನಿಂದ ಇಡೀ ಗ್ಯಾರೇಜು ಸ್ಫೋಟಕ ಮಿಶ್ರಣವಾಗುವುದಿಲ್ಲ. ಬ್ಯಾಟರಿಯ ಮೇಲ್ಭಾಗದಲ್ಲಿ, ಮುಚ್ಚಿದ ಬಾನೆಟ್ಟಿನ ಕೆಳಗೆ, ಸಣ್ಣದೊಂದು ಮೂಲೆಯಲ್ಲಿ ಅಷ್ಟು ಶೇಖರವಾದರೂ ಸಾಕು. ಬ್ಯಾಟರಿ ಸಿಡಿದರೆ ಹಾರುವುದು ಪ್ಲಾಸ್ಟಿಕ್ಕಿನ ಚೂರುಗಳು ಮಾತ್ರವಲ್ಲ, ಕಣ್ಣನ್ನು ಸುಡುವ ಆಮ್ಲ.

ಹಳೆಯ ಕಬ್ಬಿಣದ ಪೆಟ್ಟಿಗೆಯ ಚಾರ್ಜರಿನಲ್ಲಿ ಇರುವುದು ಎರಡೇ ವಸ್ತು: 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಮತ್ತು ಪರ್ಯಾಯ ಪ್ರವಾಹವನ್ನು ಒಂದೇ ದಿಕ್ಕಿನದನ್ನಾಗಿ ಮಾಡುವ ರೆಕ್ಟಿಫೈಯರು. ಗಟ್ಟಿಮುಟ್ಟಾದ ಯಂತ್ರವೇ ಸರಿ, ಬಿದ್ದರೂ ಕೆಡದು. ಆದರೆ ಅದಕ್ಕೆ ವಿವೇಚನೆಯಿಲ್ಲ. ಅದರ ವೋಲ್ಟು ಮನೆಯ ಕರೆಂಟಿನೊಂದಿಗೆ ಏರುತ್ತದೆ, ಇಳಿಯುತ್ತದೆ. ಏರಿಳಿತ ಅಲ್ಪವಾದರೆ ಪರಿಣಾಮವೂ ಅಲ್ಪವೆಂದು ಭಾವಿಸಬಾರದು. ಒಂದು ಸರಳ ಲೆಕ್ಕ ನೋಡಿ. ಚಾರ್ಜರು 15 ವೋಲ್ಟನ್ನು ಕೊಡುತ್ತಿದೆ, ಬ್ಯಾಟರಿ 13 ವೋಲ್ಟಿನಲ್ಲಿದೆ, ತಂತಿ ಮೊದಲಾದುವುಗಳ ರೋಧ ಎಲ್ಲ ಸೇರಿ ಅರ್ಧ ಓಮ್ ಇದೆಯೆಂದಿರಲಿ. ಪ್ರವಾಹವನ್ನು ನೂಕುವುದು ಇವೆರಡರ ವ್ಯತ್ಯಾಸವಾದ 2 ವೋಲ್ಟು ಮಾತ್ರ. ಹರಿಯುವುದು 4 ಆಂಪಿಯರು. ರಾತ್ರಿ ಊರಿನ ಪಂಪುಗಳೆಲ್ಲ ನಿಂತು ಕರೆಂಟು ನೂರಕ್ಕೆ ಹತ್ತರಷ್ಟು ಏರಿತೆನ್ನಿ. ಚಾರ್ಜರಿನ ವೋಲ್ಟು 16.5, ವ್ಯತ್ಯಾಸ 3.5, ಪ್ರವಾಹ 7 ಆಂಪಿಯರು! ಹತ್ತರಷ್ಟು ಇಳಿದರೆ ಪ್ರವಾಹ 1 ಆಂಪಿಯರಿಗೆ ಕುಗ್ಗಿ, ಬೆಳಗಾದರೂ ಬ್ಯಾಟರಿ ತುಂಬಿರುವುದಿಲ್ಲ. ಪಕ್ಕದಲ್ಲಿ ಕುಳಿತು ಮೀಟರನ್ನು ನೋಡುತ್ತ, ಗುಳ್ಳೆ ಎದ್ದೊಡನೆ ಸ್ವಿಚ್ಚನ್ನು ಆರಿಸುವ ಅನುಭವಿಯ ಕೈಯಲ್ಲಿ ಈ ಯಂತ್ರ ಉಪಯುಕ್ತ. ಹಚ್ಚಿಟ್ಟು ಮಲಗುವ ಗೃಹಸ್ಥನಿಗೆ ಇದು ತಕ್ಕುದಲ್ಲ.

ಇಂದು ‘ಸ್ಮಾರ್ಟ್’ ಎಂಬ ಹೆಸರಿನಿಂದ ಮಾರುವ ಎಲೆಕ್ಟ್ರಾನಿಕ್ ಚಾರ್ಜರುಗಳು ಕರೆಂಟಿನ ಏರಿಳಿತವನ್ನು ಲೆಕ್ಕಿಸದೆ, ಬ್ಯಾಟರಿಯ ವೋಲ್ಟನ್ನು ಸದಾ ಅಳೆಯುತ್ತ ಮೂರು ಹಂತಗಳಲ್ಲಿ ಕೆಲಸ ಮಾಡುತ್ತವೆ. ತಾಲ್ಲೂಕು ಕೇಂದ್ರದ ನಿಲ್ದಾಣದಲ್ಲಿ ಖಾಲಿ ಬಸ್ಸು ಬಂದು ನಿಂತುದನ್ನು ನೆನೆಯಿರಿ. ಮೊದಮೊದಲು ಜನ ಎಷ್ಟು ರಭಸದಿಂದ ಹತ್ತಿದರೂ ಸೀಟು ಸಿಕ್ಕುತ್ತದೆ. ಮುಕ್ಕಾಲು ತುಂಬಿದ ಮೇಲೆ ಹತ್ತಿದವರು ಖಾಲಿ ಸೀಟನ್ನು ಹುಡುಕುತ್ತ ನಿಧಾನವಾಗಿ ಮುಂದೆ ಸರಿಯಬೇಕು. ಬಾಗಿಲಲ್ಲಿ ನೂಕಿದರೆ ತಳ್ಳಾಟವೇ ಹೊರತು ಬೇರೆ ಲಾಭವಿಲ್ಲ. ಹಾಗೆಯೇ ಚಾರ್ಜರು ಮೊದಲು ತನ್ನ ಪೂರ್ಣ ಪ್ರವಾಹವನ್ನು ಕೊಟ್ಟು, ವೋಲ್ಟು 14.4ರ ಆಸುಪಾಸಿಗೆ ಬಂದೊಡನೆ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಆಗ ಪ್ರವಾಹ ತಾನಾಗಿ ಕ್ಷೀಣಿಸುತ್ತ ಬರುತ್ತದೆ. ಅದು ಬಹಳ ಕಡಮೆಯಾದಾಗ ಚಾರ್ಜರು 13.5 ವೋಲ್ಟಿನ ಸುಮಾರಿಗೆ ಇಳಿದು, ಬ್ಯಾಟರಿಯ ಸಹಜ ಸೋರಿಕೆಯನ್ನಷ್ಟೇ ತುಂಬುತ್ತ ಕಾವಲಿರುತ್ತದೆ. ಈ ಮೂರನೆಯ ಹಂತವುಳ್ಳ ಚಾರ್ಜರನ್ನು, ಕಾರು ಬಹುಕಾಲ ನಿಂತಿರುವ ಮನೆಯಲ್ಲಿ, ದಿನಗಟ್ಟಲೆ ಸೇರಿಸಿಟ್ಟಿರಬಹುದು. ಪೆಟ್ಟಿಗೆಯ ಮೇಲೆ ಏನೇ ಹೊಗಳಿಕೆ ಬರೆದಿರಲಿ, ಈ ವೋಲ್ಟುಗಳ ಅಂಕಿಗಳು ಅದರ ಕೈಪಿಡಿಯಲ್ಲಿ ಇವೆಯೆ ಎಂದು ನೋಡಿ ಕೊಳ್ಳುವುದು ಜಾಣತನ. ಅಂಕಿಗಳನ್ನೇ ಕೊಡದ ಚಾರ್ಜರನ್ನು ನಾನಂತೂ ಕೊಳ್ಳಲಾರೆ.

ಆಂಪಿಯರಿನ ಪ್ರಶ್ನೆ ಇದರ ಮುಂದೆ ಸುಲಭ. ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಭಾಗವೆಂಬುದು ಹಳೆಯ ಗ್ಯಾರೇಜಿನವರ ಸೂತ್ರ. ಇಂದಿಗೂ ಅದು ಕೆಟ್ಟದ್ದಲ್ಲ. 35ಕ್ಕೆ 3.5, ದೊಡ್ಡ ಡೀಸೆಲ್ ಕಾರಿನ 65ಕ್ಕೆ 6.5, ಅಂಗಡಿಯಲ್ಲಿ ದೊರೆಯುವ 4 ಮತ್ತು 6 ಆಂಪಿಯರಿನವು ಇವಕ್ಕೆ ಒಪ್ಪುತ್ತವೆ. ಅರ್ಧ ಬರಿದಾದ 35 ಆಂಪಿಯರ್-ಗಂಟೆಯ ಬ್ಯಾಟರಿಗೆ 17.5 ತುಂಬಬೇಕು; ಚಾರ್ಜಿನಲ್ಲಿ ಆಗುವ ನಷ್ಟ ಸೇರಿ ಸುಮಾರು 20. 4 ಆಂಪಿಯರಿನಲ್ಲಿ ಇದು ಐದು ಗಂಟೆ, ಕೊನೆಯ ನಿಧಾನದ ಹಂತಕ್ಕೆ ಇನ್ನು ಕೆಲವು ಗಂಟೆ. ಒಟ್ಟಿನಲ್ಲಿ ಒಂದು ರಾತ್ರಿಯ ಕೆಲಸ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಚಾರ್ಜರು ಬೇಕಾದುದಕ್ಕಿಂತ ಚಿಕ್ಕದಾದರೆ ನಷ್ಟವಾಗುವುದು ಸಮಯ ಮಾತ್ರ. ದೊಡ್ಡದಾದರೆ ಫಲಕಗಳು ಬಿಸಿಯಾಗಿ ಬ್ಯಾಟರಿಯೇ ನಷ್ಟವಾಗಬಹುದು. ಸ್ಕೂಟರಿನ ಬ್ಯಾಟರಿಗೆಂದು ತಂದ 1 ಆಂಪಿಯರಿನ ಚಾರ್ಜರಿನಿಂದ ಕಾರಿನ ಬ್ಯಾಟರಿ ತುಂಬಲು ಒಂದೆರಡು ದಿನ ಹಿಡಿದೀತು, ಹಾನಿಯೇನೂ ಆಗದು. 10 ಆಂಪಿಯರಿನದನ್ನು ಸ್ಕೂಟರಿನ 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಹಚ್ಚಿದರೆ ಕಥೆಯೇ ಬೇರೆ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಇನ್ವರ್ಟರು ಇರುವುದರಿಂದ ಅದರಿಂದಲೇ ಕಾರಿನ ಬ್ಯಾಟರಿಯನ್ನೂ ತುಂಬಬಾರದೇಕೆ ಎಂದು ಕೇಳುವವರುಂಟು. ಎರಡೂ 12 ವೋಲ್ಟಿನವು ನಿಜ. ಆದರೆ ಇನ್ವರ್ಟರು ತನ್ನ 150 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಗೆ ತಕ್ಕಂತೆ 10 ಆಂಪಿಯರನ್ನೋ 15 ಆಂಪಿಯರನ್ನೋ ಹರಿಸುತ್ತದೆ. ಅದರ ವೋಲ್ಟಿನ ಮಿತಿಯೂ ನೀರು ತುಂಬುವ ಬ್ಯಾಟರಿಗೆ ಗೊತ್ತುಪಡಿಸಿದ್ದು. ಆನೆಯ ಮೇವನ್ನು ಕರುವಿಗೆ ಹಾಕಿದಂತಾದೀತು.

ಬ್ಯಾಟರಿಯ ಜಾತಿಯನ್ನೂ ನೋಡಬೇಕೆಂದು ಹೇಳಿದಂತಾಯಿತು. ಸಾಧಾರಣ ಕಾರುಗಳಲ್ಲಿರುವ, ದ್ರವ ತುಂಬಿದ ಬ್ಯಾಟರಿಗೆ ಮೇಲೆ ಹೇಳಿದ ಅಂಕಿಗಳು ಸರಿ. ಸಿಗ್ನಲಿನಲ್ಲಿ ತಾನಾಗಿ ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಕೆಲವು ಕಾರುಗಳಲ್ಲಿ ‘ಎ.ಜಿ.ಎಂ.’ ಎಂದು ಬರೆದಿರುತ್ತದೆ. ಇದರಲ್ಲಿ ಆಮ್ಲವನ್ನು ಗಾಜಿನ ನೂಲಿನ ಹಾಸು ಹೀರಿಕೊಂಡಿರುತ್ತದೆ. ಧನ ಫಲಕದಲ್ಲಿ ಹುಟ್ಟಿದ ಆಮ್ಲಜನಕ ಆ ಹಾಸಿನ ಮೂಲಕವೇ ಸಾಗಿ ಋಣ ಫಲಕವನ್ನು ಮುಟ್ಟಿ ಮತ್ತೆ ನೀರಾಗುತ್ತದೆ. ಅಲ್ಪಸ್ವಲ್ಪ ಅತಿಚಾರ್ಜನ್ನು ಇದು ಹೀಗೆ ಜೀರ್ಣಿಸಿಕೊಳ್ಳುತ್ತದೆ. ಮೇರೆ ಮೀರಿದರೆ ಕವಾಟ ತೆರೆದು ಅನಿಲ ಹೊರಗೆ ಹೋಗುತ್ತದೆ, ಹೋದ ನೀರು ಬಾರದು. ಇದಕ್ಕೆ ಪ್ರತ್ಯೇಕ ಗುಂಡಿಯುಳ್ಳ ಚಾರ್ಜರೇ ಆಗಬೇಕು. ಬೆರಳೆಣಿಕೆಯಷ್ಟು ಕಾರುಗಳಲ್ಲಿ ಲಿಥಿಯಮಿನ 12 ವೋಲ್ಟಿನ ಬ್ಯಾಟರಿ ಬಂದಿದೆ. ಅದರ ರಸಾಯನಕ್ರಿಯೆಯೇ ಬೇರೆಯಾದುದರಿಂದ ಸೀಸದ ಚಾರ್ಜರನ್ನು ಅದರ ಬಳಿಗೆ ತರಬಾರದು. ಗಟ್ಟಿಯಾದ ಸಲ್ಫೇಟನ್ನು ಕರಗಿಸಲೆಂದು 15 ವೋಲ್ಟಿಗೂ ಮೀರಿದ ಒತ್ತಡ ಕೊಡುವ ‘ದುರಸ್ತಿ’ ಎಂಬ ಗುಂಡಿಯೊಂದು ಕೆಲವು ಚಾರ್ಜರುಗಳಲ್ಲಿರುತ್ತದೆ. ಬ್ಯಾಟರಿಯನ್ನು ಕಾರಿನಿಂದ ಬಿಚ್ಚದೆ ಅದನ್ನು ಒತ್ತಬಾರದು. ಕಾರಿನ ಎಲೆಕ್ಟ್ರಾನಿಕ್ ಉಪಕರಣಗಳನ್ನು ಅಷ್ಟು ವೋಲ್ಟಿಗೆಂದು ಮಾಡಿಲ್ಲ. ಲಾರಿಗಳಿಗೆಂದು 24 ವೋಲ್ಟಿನ ಸ್ವಿಚ್ಚು ಇರುವ ಚಾರ್ಜರಾದರೆ ಅದು 12ರಲ್ಲಿದೆಯೆ ಎಂದು ಎರಡು ಸಲ ನೋಡಿ.

ಹವೆಯ ಬಿಸಿಯೂ ಇದರಲ್ಲಿ ಸೇರಿದೆ. 14.4 ಎಂಬುದು 25 ಡಿಗ್ರಿ ಸೆಲ್ಸಿಯಸಿನ ಮಾತು. ಉಷ್ಣತೆ ಏರಿದಂತೆ ನೀರು ತನ್ನ ಸೋಮಾರಿತನವನ್ನು ಬಿಡುತ್ತ ಬರುತ್ತದೆ. ಒಂದು ಡಿಗ್ರಿಗೆ ಕೋಶವೊಂದಕ್ಕೆ ಸುಮಾರು 4 ಮಿಲಿವೋಲ್ಟಿನಂತೆ ಮಿತಿಯನ್ನು ತಗ್ಗಿಸಬೇಕು. ಕಲಬುರಗಿಯ ಏಪ್ರಿಲ್ ತಿಂಗಳ 42 ಡಿಗ್ರಿಯಲ್ಲಿ ಅದು 14 ವೋಲ್ಟಿಗೆ ಇಳಿಯುತ್ತದೆ. ಉಷ್ಣತೆಯನ್ನು ಅಳೆದು ತಾನೇ ಹೊಂದಿಸಿಕೊಳ್ಳುವ ಚಾರ್ಜರುಗಳಿವೆ. ಬಯಲುಸೀಮೆಯವರು ಅದಕ್ಕಾಗಿ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಇಲ್ಲವಾದರೆ ರಾತ್ರಿಯ ತಂಪಿನಲ್ಲಿ ಚಾರ್ಜು ಮಾಡುವುದು ಲೇಸು.

ಚಾರ್ಜು ಮಾಡುವ ಅಗತ್ಯವಿದೆಯೆ ಎಂಬುದನ್ನು ಅಗ್ಗದ ಮಲ್ಟಿಮೀಟರು ಹೇಳುತ್ತದೆ. ಕಾರು ಕೆಲವು ಗಂಟೆ ನಿಂತ ಬಳಿಕ ಅಳೆದಾಗ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧದ ಸುಮಾರು, 11.8ಕ್ಕೆ ಇಳಿದಿದ್ದರೆ ಬರಿದಾದಂತೆಯೇ. ಕಾರಿನಿಂದ ಇಳಿದು ಬಂದ ಕೂಡಲೇ ಅಳೆದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ.

ಸೇರಿಸುವ ಕ್ರಮದಲ್ಲಿಯೂ ಜಲಜನಕದ ನೆನಪಿರಬೇಕು. ಗೋಡೆಯ ಸ್ವಿಚ್ಚನ್ನು ಆರಿಸಿಯೇ ಇಟ್ಟು, ಮೊದಲು ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಧನ ಧ್ರುವಕ್ಕೆ ಹಾಕಬೇಕು. ಕಪ್ಪು ಕ್ಲಿಪ್ಪನ್ನು ಋಣ ಧ್ರುವಕ್ಕೆ ಹಾಕದೆ, ಬ್ಯಾಟರಿಯಿಂದ ದೂರವಾಗಿ ಎಂಜಿನ್ನಿನ ಅಥವಾ ಗಾಡಿಯ ಬಣ್ಣವಿಲ್ಲದ ಲೋಹಭಾಗಕ್ಕೆ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಹಾರಬಹುದಾದ ಕಿಡಿ ಆಗ ಅನಿಲವಿರುವ ಕಡೆಗೆ ಬರುವುದಿಲ್ಲ. ಇದಾದ ಮೇಲೆ ಸ್ವಿಚ್ಚು. ಬಿಚ್ಚುವಾಗ ಮೊದಲು ಸ್ವಿಚ್ಚನ್ನು ಆರಿಸಿ, ಬಳಿಕ ಕಪ್ಪು, ಕೊನೆಗೆ ಕೆಂಪು. ಬಾನೆಟ್ಟು ತೆರೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಕ್ಲಿಪ್ಪುಗಳನ್ನು ಅದಲುಬದಲಾಗಿ ಹಾಕಿದರೆ ಪ್ರವಾಹವನ್ನೇ ಕೊಡದ ರಕ್ಷಣೆ ಒಳ್ಳೆಯ ಚಾರ್ಜರುಗಳಲ್ಲೆಲ್ಲ ಇರುತ್ತದೆ.

ಇಷ್ಟಾದರೂ ಕೆಲವು ಸಲ ಚಾರ್ಜರು ಕೆಂಪು ದೀಪ ತೋರಿಸಿ ಕೆಲಸಮಾಡಲು ಒಪ್ಪದೆ ಹೋಗಬಹುದು. ಇದು ಬಹುಶಃ ಚಾರ್ಜರಿನ ದೋಷವಲ್ಲ. ಒಂದು ಕೋಶದೊಳಗೆ ಫಲಕಗಳು ಒಂದನ್ನೊಂದು ತಾಗಿ ಕೆಟ್ಟಿದ್ದರೆ, ಉಳಿದ ಐದು ಕೋಶಗಳಿಂದ 10.5 ವೋಲ್ಟು ಮಾತ್ರ ಬರುತ್ತದೆ. ಅಂಥ ಬ್ಯಾಟರಿಗೆ 14.4 ವೋಲ್ಟನ್ನು ಕೊಟ್ಟರೆ ಐದು ಕೋಶಗಳು ತಲಾ 2.9 ವೋಲ್ಟನ್ನು ಹೊರಬೇಕಾಗಿ, ರಾತ್ರಿಯಿಡೀ ಕುದಿಯುತ್ತ ಅನಿಲವನ್ನು ಕಾರುತ್ತಿರುತ್ತವೆ. ಹಳೆಯ ಪೆಟ್ಟಿಗೆ ಇದನ್ನರಿಯದೆ ಪ್ರವಾಹವನ್ನು ನೂಕುತ್ತಲೇ ಇರುತ್ತದೆ. ಒಳ್ಳೆಯ ಚಾರ್ಜರು ನಿಲ್ಲಿಸಿಬಿಡುತ್ತದೆ. ಆ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ. ಹಳೆಯದಕ್ಕೆ ಅವರು ಬೆಲೆ ಕಟ್ಟಿ ವಜಾ ಮಾಡಿಕೊಳ್ಳುತ್ತಾರೆ. ಸೀಸ ವಿಷಯುಕ್ತವಾದುದರಿಂದ ಅದು ತಿಪ್ಪೆಯನ್ನು ಸೇರಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಒದಗಿಸುವ ಹೊಣೆ ತಯಾರಕರದು.